ಜ್ವರದ ಸೆಳವೂ ಮೊಬೈಲಿನ ಭಯವೂ



ಜ್ವರವೇರಿದ ಎರಡು ವರ್ಷದ ಕೂಸು ಕಣ್ಣು ಮೇಲಕ್ಕೆ ಮಾಡಿ ಕೈಕಾಲು ಸೆಟೆದುದನ್ನು ಕಂಡ ತಾವು, ಅದು ನಿದ್ರಿಸಿದ ಮೇಲೂ ಮೊಬೈಲಿನಲ್ಲಿ ಹುಡುಕುತ್ತ, ಅಪಸ್ಮಾರ, ಮೆದುಳುಜ್ವರವೆಂಬ ಹೆಸರುಗಳ ನಡುವೆ ಬೆಳಗು ಮಾಡಿದುದು ಸಹಜವೇ. ಆದರೆ ಆ ಯಂತ್ರವು ತಮ್ಮ ಮಗುವಿನ ಮೈ ಮುಟ್ಟಿ ನೋಡಿದುದಲ್ಲ. 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಲ್ಲಿ ಕಾಣುವ ಜ್ವರದ ಸೆಳವು ಬಹುಮಟ್ಟಿಗೆ 5 ನಿಮಿಷದೊಳಗೆ ತಾನಾಗಿ ನಿಲ್ಲುವುದಲ್ಲದೆ, ಸಾಮಾನ್ಯ ಸ್ವರೂಪದ್ದಾದರೆ ಮೆದುಳಿಗೆ ಹಾನಿಯೆಸಗದು. ಆದರೂ ಇದು ಮೊದಲ ಸೆಳವಾದುದರಿಂದ ಇಂದೇ ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು. ಮರುಕಳಿಸಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಕೂಡದು. ಕೈಗೆ ಬೀಗದಕೈ ಹಿಡಿಸುವ ಅಜ್ಜಿಯರ ಉಪಚಾರವಂತೂ ನಿಷ್ಪ್ರಯೋಜಕ. 5 ನಿಮಿಷ ಮೀರಿದರೆ, ಇಲ್ಲವೆ ಎಚ್ಚರ ಮರಳದಿದ್ದರೆ, 108ಕ್ಕೆ ಕರೆಮಾಡಿ. ಮೊಬೈಲಿನಿಂದ ಹುಡುಕಾಟಕ್ಕಿಂತ ಉತ್ತಮ ಉಪಯೋಗವೊಂದುಂಟು: ಸೆಳವಿನ ವಿಡಿಯೊ ತೆಗೆದಿಟ್ಟರೆ ರೋಗನಿರ್ಣಯಕ್ಕೆ ವೈದ್ಯರಿಗೆ ಬಹಳ ನೆರವಾದೀತು.