ರವದಿ ಹೊಗೆ: ಆಕಾಶದಿಂದ ಕಾಣುವುದೆಷ್ಟು?

ಭೀಮಾ ದಂಡೆಯಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವುದು ಹೆಚ್ಚಾಗಿ ಹೊತ್ತು ಇಳಿದ ಮೇಲೆ. ಗಾಳಿ ತಣ್ಣಗಾದರೆ ಕಿಡಿ ಮಗ್ಗಲ ಹೊಲಕ್ಕೆ ಹಾರುವುದಿಲ್ಲ ಅಂತ. ಆದರೆ ಬೆಂಕಿ ನೋಡುವ ನೋವಾ-20 ಉಪಗ್ರಹ ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ, ಮತ್ತೆ ರಾತ್ರಿ ಒಂದೂವರೆಗೆ. ಸಂಜೆ ಆರಕ್ಕೆ ಹಚ್ಚಿ ಎಂಟಕ್ಕೆ ಆರಿದ ಬೆಂಕಿ ಅದರ ಲೆಕ್ಕಕ್ಕೆ ಬರೋದೇ ಇಲ್ಲ.

ಪಂಜಾಬಿನಲ್ಲಿ ಇದೇ ಆಯಿತು. ಬೆಂಕಿಯ ಚುಕ್ಕಿ ಕಡಿಮೆಯಾದವು, ಸುಡುವುದೂ ಕಡಿಮೆಯಾಯಿತು ಅಂದರು. ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯಾದ ಉಪಗ್ರಹದ ಚಿತ್ರ 2024ರಲ್ಲಿ ನೋಡಿದಾಗ, ಒಂದೂವರೆ ದಾಟಿದ ಮೇಲೆ ಬಾಳ ಬೆಂಕಿ ಕಂಡವು. ಹಾಗಾದರೆ ನಮ್ಮ ಇನ್ಸಾಟ್ ನೋಡಬಾರದೇ? ಅದೂ ದಿನವಿಡೀ ನೋಡುತ್ತದೆ. ಆದರೆ ಬಿಸಿ ಅಳೆಯುವಾಗ ಅದರ ಒಂದು ಚೌಕ ನಾಲ್ಕು ಕಿಲೋಮೀಟರ್ ಅಗಲ. ಅಷ್ಟರೊಳಗೆ ಎರಡೆಕರೆ ಬೆಂಕಿ ಎಲ್ಲಿ ಕಾಣಬೇಕು! ನೋವಾದ ಚೌಕ 375 ಮೀಟರ್, ಅಂದರೆ ಸುಮಾರು 35 ಎಕರೆ. ಅದರೊಳಗೆ ಎರಡೆಕರೆ ಸುಟ್ಟರೂ ಒಂದು ಚುಕ್ಕಿ, ಹತ್ತೆಕರೆ ಸುಟ್ಟರೂ ಒಂದೇ ಚುಕ್ಕಿ. ಬಿಸಿಯ ಜೋರು ಬೇರೆ ಇರುತ್ತದೆ, ಅದನ್ನೂ ಅಳೆಯುತ್ತಾರೆ, ಖರೆ. ಆದರೆ ಅದು ಹಾಯುವ ಆ ಹೊತ್ತಿನ ಬಿಸಿ ಮಾತ್ರ.

ಇನ್ನೊಂದು ದಾರಿ ಹೊಗೆಯ ಅನಿಲವನ್ನೇ ನೋಡುವುದು. 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಈ ಕೆಲಸಕ್ಕೇ ಇದೆ. ರಾಯಚೂರಿನ ಶಕ್ತಿನಗರದಂಥ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಚಿಮಣಿ ಒಂದೇ ಜಾಗದಲ್ಲಿ, ಹೊಗೆ ದಿನಾ. ಬಹಳ ದಿನದ ಚಿತ್ರ ಕೂಡಿಸಿ, ಗಾಳಿಯ ದಿಕ್ಕು ವೇಗ ಹಿಡಿದು, ತಾಸಿಗೆ ಎಷ್ಟು ಹೊರಬಿತ್ತು ಅಂತ ತೆಗೆಯಬಹುದು. ಸುಟ್ಟ ಕಲ್ಲಿದ್ದಲಿನ ಲೆಕ್ಕಕ್ಕೆ ತಾಳೆ ನೋಡಬಹುದು. ನಮ್ಮ ರವದಿ ಇಂದು ಈ ಹೊಲ, ನಾಳೆ ಆ ಹೊಲ. ಒಣ ಬೇಸಾಯದವರ ತೊಗರಿ ಕಟ್ಟಿಗೆಯಂತೂ ಒಲೆಯೊಳಗೆ ಉರಿಯುತ್ತದೆ. ಅದು ಚುಕ್ಕಿಯಾಗಿ ಬೀಳುವುದೇ ಇಲ್ಲ.

ಅದಕ್ಕೆ ನೆಲದ ಲೆಕ್ಕ ಬೇಕು. ಒಂದು ಗುಂಟೆಯ ಒಣ ರವದಿ ಕೂಡಿಸಿ ತೂಗಿರಿ. 80 ಕೆಜಿ ಬಂದರೆ ಎಕರೆಗೆ 3200 ಕೆಜಿ. ಬೆಳೆಯ ಕಸ ಒಂದು ಕೆಜಿ ಸುಟ್ಟರೆ ಎದೆಗಿಳಿಯುವ ಸಣ್ಣ ಕಣ ಸುಮಾರು 6 ಗ್ರಾಂ ಅಂತ ಹಿಡಿಯುವುದು ರೂಢಿ. ಎಕರೆಗೆ 19 ಕೆಜಿ ಆಯಿತು. ಆದರೆ ಹಸಿ ಇದ್ದು ಅರ್ಧ ಸುಡದೇ ಉಳಿದರೆ? ಒಂಬತ್ತೂವರೆ. ಲೆಕ್ಕ ಅರ್ಧಕ್ಕರ್ಧ ತಪ್ಪುವುದು ಇಲ್ಲೇ, ಮೇಲಿನಿಂದ ಇದು ಕಾಣುವುದಿಲ್ಲ. ಊರಿನ ಹೆಸರು ಹೊಗೆಯ ಪಟ್ಟಿಗೆ ಸೇರುವ ಮೊದಲು ಈ ಅಂಕಿ ನಮ್ಮ ಕೈಯಾಗ ಇರಬೇಕು. ಬೆಂಕಿ ಹಚ್ಚಿದ ತಾರೀಖು, ತಾಸು, ಸುಟ್ಟ ಗುಂಟೆ, ಉಳಿದ ಪಾಲು, ಇಷ್ಟನ್ನು ಹಾಲಿನ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲೇ ಬರೆದಿಡಿ. ರವದಿ ಸುಡದೆ ಸಾಲಿಗೆ ಹೊದಿಸಿದವರೂ ಅದನ್ನು ಬರೆಯಬೇಕು.