ಕೋಸು–ಶಾವಿಗೆಯ ಊಟ: ತಟ್ಟೆಗೆ ಎಷ್ಟು, ಗೋದಲಿಗೆ ಎಷ್ಟು?



ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಕಾಲುವೆ ಅಥವಾ ಬಾವಿಯ ನೀರಿರುವ ರೈತರು ಚಳಿಗಾಲದಲ್ಲಿ ಎಲೆಕೋಸು ಬೆಳೆಯುವುದುಂಟು. ಎಲ್ಲರ ಮಾಲು ಒಂದೇ ಸಲ ಸಂತೆಗೆ ಬಂದಾಗ ಬೆಲೆ ಬಿದ್ದುಹೋಗುತ್ತದೆ. ಗಾಡಿ ಬಾಡಿಗೆಯೂ ಹುಟ್ಟದೆಂದು ಗಡ್ಡೆಗಳನ್ನು ಹೊಲದಲ್ಲೇ ಬಿಡುವವರಿದ್ದಾರೆ, ಬುಟ್ಟಿಗಟ್ಟಲೆ ದನಗಳ ಮುಂದೆ ಸುರಿಯುವವರೂ ಇದ್ದಾರೆ. ಅಂಥ ದಿನಗಳಲ್ಲಿ ಸಂಘಗಳ ಸಭೆಗೆ ಹೋದರೆ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಒಂದು, "ಕೋಬಿ ಎಮ್ಮಿಗೆ ಹಾಕಬಹುದೇನ್ರಿ ಸಾಹೇಬ್ರ?" ಇನ್ನೊಂದು ಹೆಣ್ಣುಮಕ್ಕಳು ಕೇಳುವುದು: "ದಿನಾ ಅದರದೇ ಪಲ್ಯ ಮಾಡಿದರೆ ಹುಡುಗರು ತಿನ್ನೂದಿಲ್ಲ, ಬ್ಯಾರೆ ಏನ್ ಮಾಡೂದ್ರಿ?"

ಮೊದಲನೆಯ ಪ್ರಶ್ನೆ ಪಶುವೈದ್ಯನದು, ಎರಡನೆಯದು ಅಡುಗೆಮನೆಯದು. ಆದರೆ ಹೈನುಗಾರಿಕೆ ಮಾಡುವ ಮನೆಯಲ್ಲಿ ಅಡುಗೆಮನೆಗೂ ದನದ ಕೊಟ್ಟಿಗೆಗೂ ಇರುವುದು ಒಂದೇ ಗೋಡೆ. ಅಲ್ಲಿ ಉಳಿದದ್ದು ಇಲ್ಲಿಗೆ ಬರುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಪಾಠದಲ್ಲಿ ಉತ್ತರ ಕೊಡುವುದು ಒಳ್ಳೆಯದೆಂದು ತಿಳಿದು ಈ ಲೇಖನ ಬರೆಯಲಾಗಿದೆ.

ದೂರದ ದೇಶದ ಒಂದು ಬಡವರ ಅಡುಗೆ

ಯುರೋಪಿನ ಪೋಲೆಂಡ್ ದೇಶದಲ್ಲಿ ಚಳಿ ಬಹಳ. ಅಲ್ಲಿಯ ಹಳ್ಳಿಗಳ ಮುಖ್ಯ ತರಕಾರಿಗಳಲ್ಲಿ ಎಲೆಕೋಸು ಒಂದು. ಗೋಧಿ ಹಿಟ್ಟನ್ನು ನಾದಿ, ತೆಳ್ಳಗೆ ಲಟ್ಟಿಸಿ, ಚಿಕ್ಕ ಚೌಕ ತುಂಡುಗಳಾಗಿ ಕೊಯ್ದು, ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ ಮತ್ತು ಕೋಸಿನ ಜೊತೆ ಕಲಸಿ ತಿನ್ನುತ್ತಾರೆ. ಇದಕ್ಕೆ 'ವಜಾಂಕಿ' ಎಂದು ಹೆಸರು. ಮಾಂಸ ತಿನ್ನುವವರು ಅದನ್ನೂ ಸೇರಿಸುವುದುಂಟು. ಆದರೆ ಮೂಲದಲ್ಲಿ ಬೇಕಾದದ್ದು ಹಿಟ್ಟು, ಕೋಸು, ಉಳ್ಳಾಗಡ್ಡಿ, ಬೆಣ್ಣೆ ಮಾತ್ರ. ಹಬ್ಬದ ಅಡುಗೆ ಇದಲ್ಲ. ದಣಿದು ಮನೆಗೆ ಬಂದವರಿಗೆ ತಾಯಂದಿರು ಬಿಸಿಬಿಸಿ ಬಡಿಸುವ ದಿನನಿತ್ಯದ ಊಟ.

ಪೋಲೆಂಡ್ ಎಂದರೆ ನಮಗೆ ತೀರ ಅಪರಿಚಿತ ದೇಶವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮಠ ಕಳೆದುಕೊಂಡ ಸುಮಾರು 5,000 ಪೋಲಿಷ್ ನಿರಾಶ್ರಿತರು, ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ನಮ್ಮ ನೆರೆಯ ಕೊಲ್ಹಾಪುರದ ಹತ್ತಿರ ವಳಿವಡೆ ಎಂಬಲ್ಲಿ ಶಿಬಿರದಲ್ಲಿದ್ದರು.

ಈ ಅಡುಗೆಯ ಕ್ರಮವೂ ನಮಗೆ ಹೊಸದಲ್ಲ. ಸೊಲ್ಲಾಪುರ ಕಡೆಯವರು ಚಪಾತಿ ಹಿಟ್ಟಿನ ತುಂಡುಗಳನ್ನು ಬೇಳೆಯಲ್ಲಿ ಕುದಿಸಿ 'ಚಕೋಲ್ಯಾ' ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಹೊಸೆದು ಒಣಗಿಸಿ ಡಬ್ಬಿ ತುಂಬಿದ ಶಾವಿಗೆ ಇದ್ದೇ ಇರುತ್ತದೆ. ಅದನ್ನು ಹಾಲು ಬೆಲ್ಲ ಹಾಕಿ ಸಿಹಿಗೆ ಮಾತ್ರ ಬಳಸುತ್ತೇವೆ. ಕೋಸಿನ ಜೊತೆಗೂ ಅದು ಚೆನ್ನಾಗಿ ಹೊಂದುತ್ತದೆ.

ಬೇಕಾಗುವ ಸಾಮಾನುಗಳು (4–5 ಜನರಿಗೆ)

ಗೋಧಿ ಹಿಟ್ಟು ಅಥವಾ ಒಣ ಶಾವಿಗೆ 250 ಗ್ರಾಂ, ಎಲೆಕೋಸು ಅರ್ಧ ಕಿಲೋ, ಮಧ್ಯಮ ಗಾತ್ರದ ಉಳ್ಳಾಗಡ್ಡಿ 2, ಬೆಣ್ಣೆ 50 ಗ್ರಾಂ, ಜೀರಿಗೆ ಅರ್ಧ ಚಮಚೆ, ಕುಟ್ಟಿದ ಮೆಣಸಿನ ಕಾಳು ಒಂದು ಚಮಚೆ, ರುಚಿಗೆ ಉಪ್ಪು. ಬಡಿಸುವಾಗ ಮೊಸರು ಮತ್ತು ಲಿಂಬೆ ಹೋಳು.

ಗಟ್ಟಿ ಗೋಧಿ, ಅಂದರೆ ಡ್ಯೂರಂ ಜಾತಿಯದು, ಅಥವಾ ಕಪಲಿ ಗೋಧಿ ಮನೆಯಲ್ಲಿದ್ದರೆ ಅದರ ಹಿಟ್ಟನ್ನೇ ಬಳಸಿರಿ. ಇವುಗಳ ಶಾವಿಗೆ ಕುದಿಸಿದಾಗ ಬೇಗ ಅಂಟಾಗುವುದಿಲ್ಲ, ಎಳೆ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಮಾಡುವ ಕ್ರಮ

1. ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿರಿ. ಒದ್ದೆ ಅರಿವೆ ಮುಚ್ಚಿ ಅರ್ಧ ಗಂಟೆ ಬಿಡಿರಿ. ತೆಳ್ಳಗೆ ಲಟ್ಟಿಸಿ ಹತ್ತು ನಿಮಿಷ ಆರಲು ಬಿಟ್ಟು, ಬೆರಳಗಲದ ಚೌಕಗಳಾಗಿ ಕೊಯ್ಯಿರಿ. ಒಂದಕ್ಕೊಂದು ಅಂಟದಂತೆ ಒಣ ಹಿಟ್ಟು ಉದುರಿಸಿರಿ. ಶಾವಿಗೆ ಬಳಸುವುದಾದರೆ ಈ ಕೆಲಸವಿಲ್ಲ. ಎಣ್ಣೆ ಇಲ್ಲದೆ ಹದವಾಗಿ ಹುರಿದುಕೊಂಡರೆ ಸಾಕು.

2. ಕೋಸಿನ ಹೊರಗಿನ ಎರಡು ಮೂರು ಎಲೆಗಳನ್ನು ತೆಗೆದಿಡಿ. ಉಳಿದದ್ದನ್ನು ಸೀಳಿ, ಹುಳುವಿಲ್ಲವೆಂದು ನೋಡಿ, ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆದು ಸಣ್ಣಗೆ ಹೆಚ್ಚಿರಿ.

3. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕಾಯಿಸಿ ಜೀರಿಗೆ, ನಂತರ ಉಳ್ಳಾಗಡ್ಡಿ ಹಾಕಿ ಸಣ್ಣ ಉರಿಯಲ್ಲಿ ಬಂಗಾರದ ಬಣ್ಣ ಬರುವವರೆಗೆ ಹುರಿಯಿರಿ. ಇಲ್ಲಿ ಅವಸರ ಮಾಡಬಾರದು.

4. ಕೋಸು, ಉಪ್ಪು ಹಾಕಿ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬೇಯಿಸಿ. ನಂತರ ಮುಚ್ಚಳ ತೆಗೆದು, ನೀರಿನಂಶ ಆರಿ ಅಂಚುಗಳು ಕೆಂಪಾಗುವವರೆಗೆ ಕೈಯಾಡಿಸಿರಿ. ಕೋಸಿನ ಹಸಿ ವಾಸನೆ ಹೋಗಿ ಸಿಹಿ ಬರುವುದು ಈ ಹಂತದಲ್ಲಿಯೇ. ಮಕ್ಕಳು ಬೇಡವೆನ್ನುವುದು ಅರೆಬೆಂದ ಕೋಸಿನ ವಾಸನೆಗೆ.

5. ಬೇರೆ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರು ಉಪ್ಪು ಹಾಕಿ ಕುದಿಸಿ, ಹಿಟ್ಟಿನ ಚೌಕಗಳನ್ನು ಹಾಕಿರಿ. ಮೇಲೆ ತೇಲಿ ಬಂದ ಮೇಲೆ ಒಂದನ್ನು ಮುರಿದು ನೋಡಿ, ನಡುವೆ ಹಸಿ ಇಲ್ಲದಿದ್ದರೆ ಬಸಿಯಿರಿ. ಶಾವಿಗೆಗೆ ಮೂರು ನಾಲ್ಕು ನಿಮಿಷ ಸಾಕು.

6. ಬಸಿದದ್ದನ್ನು ಕೋಸಿಗೆ ಸೇರಿಸಿ, ಮೆಣಸಿನ ಪುಡಿ ಉದುರಿಸಿ, ಎರಡು ನಿಮಿಷ ಹದವಾಗಿ ಕಲಸಿ ಇಳಿಸಿರಿ. ಮೊಸರಿನೊಡನೆ ಬಿಸಿಯಾಗಿ ಬಡಿಸಿರಿ. ಇಂಡಿಯ ಲಿಂಬೆ ಹಿಂಡಿದರೆ ರುಚಿ ಇನ್ನೂ ಹೆಚ್ಚುತ್ತದೆ.

ಬೆಣ್ಣೆಯ ಲೆಕ್ಕ

ಈ ಅಡುಗೆಯ ಜೀವ ಬೆಣ್ಣೆಯಲ್ಲಿದೆ. 50 ಗ್ರಾಂ ಬೆಣ್ಣೆಯಲ್ಲಿ ಸುಮಾರು 40 ಗ್ರಾಂ ಜಿಡ್ಡು ಇರುತ್ತದೆ. ಶೇಕಡಾ 7 ಜಿಡ್ಡಿನ ಎಮ್ಮೆ ಹಾಲಾದರೆ ಸುಮಾರು ಮುಕ್ಕಾಲು ಲೀಟರಿನಲ್ಲಿ ಇಷ್ಟು ಬೆಣ್ಣೆ ಬರುತ್ತದೆ. ಜೊತೆಗೆ ಮಜ್ಜಿಗೆಯೂ ಉಳಿಯುತ್ತದೆ. ಸಂಘಕ್ಕೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಕೊನೆಯ ತಂಬಿಗೆಯವರೆಗೂ ಡೇರಿಗೆ ಸುರಿದು, ಮಕ್ಕಳಿಗೆ ಕರಿ ಚಹಾ ಕೊಡುವುದನ್ನು ಕಂಡಿದ್ದೇನೆ. ಮನೆ ಮಂದಿಗೆ ಬೇಕಾದ ಹಾಲನ್ನು ಮೊದಲೇ ಅಳೆದು ಬೇರೆ ಇಟ್ಟುಕೊಂಡು, ಉಳಿದದ್ದನ್ನು ಸಂಘಕ್ಕೆ ಹಾಕುವುದು ಸರಿಯಾದ ಕ್ರಮ. ಆದರೆ ಕೆನೆ ತೆಗೆದುಕೊಂಡು ತೆಳು ಹಾಲನ್ನು ಸಂಘದ ಕ್ಯಾನಿಗೆ ಹಾಕುವುದು ಸಲ್ಲದು. ಹಾಗೆ ಮಾಡಿದರೆ ನಿಮ್ಮ ಜಿಡ್ಡಿನ ಲೆಕ್ಕವೂ ಇಳಿಯುತ್ತದೆ, ಸಂಘದ ಹೆಸರೂ ಕೆಡುತ್ತದೆ.

ಕೋಸಿನ ಎಲೆ ದನಕ್ಕೆ: ಹಾಕಬಹುದು, ಮಿತಿಯಲ್ಲಿ

ಈಗ ತೆಗೆದಿಟ್ಟ ಹೊರ ಎಲೆಗಳ ವಿಚಾರ. ಕೋಸಿನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚು ನೀರೇ ಇದೆ. ಅದು ಹಸಿ ಮೇವಿಗೆ ಪೂರಕವೇ ಹೊರತು ಕಣಿಕೆ ಮತ್ತು ಪಶು ಆಹಾರಕ್ಕೆ ಬದಲಿಯಲ್ಲ. ಈ ನಿಯಮಗಳನ್ನು ಪಾಲಿಸಿರಿ:

ಅ) ಮೊದಲ ದಿನ ಒಂದೆರಡು ಕಿಲೋದಿಂದ ಆರಂಭಿಸಿ. ದೊಡ್ಡ ದನಕ್ಕೆ ದಿನಕ್ಕೆ 5 ಕಿಲೋ ಮೀರದಿರಲಿ. ಮೊದಲು ಒಣ ಕಣಿಕೆ ತಿನ್ನಿಸಿ, ನಂತರ ಕೋಸು ಹಾಕಿರಿ. ಹಸಿದ ಹೊಟ್ಟೆಗೆ ಹಾಕಿದರೆ ಹೊಟ್ಟೆ ಉಬ್ಬರ ಬರುತ್ತದೆ.

ಆ) ಇಡೀ ಗಡ್ಡೆ ಅಥವಾ ದಂಟನ್ನು ಎಸೆಯಬೇಡಿ. ಗಂಟಲಿನಲ್ಲಿ ಸಿಕ್ಕಿಕೊಂಡರೆ ಗಾಳಿ ಹೊರಬರದೆ ದನ ಉಬ್ಬಿ ಸಾಯಬಹುದು. ಹೆಚ್ಚಿಯೇ ಹಾಕಿರಿ.

ಇ) ಹಿಂಡಿದ ಮೇಲೆ ಹಾಕಿರಿ, ಹಿಂಡುವ ಮೊದಲು ಬೇಡ. ಕೋಸಿನ ವಾಸನೆ ಹಾಲಿಗೆ ಇಳಿಯುತ್ತದೆ.

ಈ) ಔಷಧ ಹೊಡೆದ ಬೆಳೆಯಾದರೆ ಬಾಟಲಿಯ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೆ ದನಕ್ಕೂ ಬೇಡ, ಮನುಷ್ಯರಿಗೂ ಬೇಡ. ಔಷಧ ಹೆಚ್ಚಾಗಿ ಬಿದ್ದಿರುವುದು ಹೊರ ಎಲೆಗಳ ಮೇಲೆಯೇ.

ಉ) ಕೊಳೆತದ್ದು, ಬೂಜು ಹಿಡಿದದ್ದು ತಿಪ್ಪೆಗೆ. ವಾರಗಟ್ಟಲೆ ಕೋಸನ್ನೇ ಹೆಚ್ಚಾಗಿ ತಿನ್ನಿಸಿದರೆ ರಕ್ತಹೀನತೆ ಮತ್ತು ಗಳಗಂಡ ಬರುವ ಸಂಭವವಿದೆ.

ಬೆಂದ ಶಾವಿಗೆ, ಅನ್ನ, ಹಿಟ್ಟು ದನಕ್ಕೆ: ಇಲ್ಲಿಯೇ ಅಪಾಯ

ಕೋಸಿಗಿಂತ ದೊಡ್ಡ ಅಪಾಯ ಶಾವಿಗೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಳಗಿನ ಜಾವ ಕರೆ ಬಂದಿತ್ತು. ಹಿಂದಿನ ದಿನ ಆ ಮನೆಯಲ್ಲಿ ಮದುವೆ. ಉಳಿದ ಅನ್ನ, ಶಾವಿಗೆ, ಹೋಳಿಗೆಯ ಕಣಕ ಎಲ್ಲವನ್ನೂ, ಅನ್ನ ಚೆಲ್ಲಬಾರದೆಂದು, ಮನೆಯ ಹಿರಿಯಳು ಒಂದು ದೊಡ್ಡ ಬುಟ್ಟಿಯಲ್ಲಿ ಎಮ್ಮೆಯ ಮುಂದೆ ಇಟ್ಟಿದ್ದಳು. ಎಮ್ಮೆ ಈದು ತಿಂಗಳಾಗಿತ್ತು, ಎರಡೂ ಹೊತ್ತು ಸೇರಿ ಹತ್ತು ಲೀಟರ್ ಹಾಲು. ನಾನು ಹೋಗುವ ಹೊತ್ತಿಗೆ ಅದು ನೆಲ ಹಿಡಿದಿತ್ತು, ಕಣ್ಣು ಒಳಗೆ ಸೇರಿದ್ದವು, ಹುಳಿ ವಾಸನೆಯ ನೀರುಭೇದಿ ಹರಿಯುತ್ತಿತ್ತು. ಸೂಜಿ, ಸಲಾಯಿನ್ ಎಲ್ಲ ಮಾಡಿದರೂ ಸಂಜೆಗೆ ಉಳಿಯಲಿಲ್ಲ. "ನಾನು ಉಣ್ಣಸಬೇಕಂತ ಹಾಕಿದ್ದೆ, ಕೊಲ್ಲಬೇಕಂತ ಅಲ್ರಿ" ಎಂದು ಆ ತಾಯಿ ಅತ್ತದ್ದನ್ನು ಮರೆಯಲಾಗಿಲ್ಲ. ಆಕೆಯ ಪ್ರೀತಿಯಲ್ಲಿ ತಪ್ಪಿರಲಿಲ್ಲ. ತಿಳುವಳಿಕೆ ಮುಟ್ಟಿಸದ ನಮ್ಮಲ್ಲಿಯೂ ತಪ್ಪಿದೆ.

ಕಾರಣ ಇಷ್ಟೇ. ದನದ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ಕರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ನಾರು ತಿಂದು ಬದುಕುವಂಥವು. ಬೀಸಿ ಬೇಯಿಸಿದ ಹಿಟ್ಟು, ಅನ್ನ, ಶಾವಿಗೆ ಒಮ್ಮೆಲೆ ಬಿದ್ದಾಗ ಪಿಷ್ಟ ಬಹಳ ಬೇಗ ಹುಳಿಯುತ್ತದೆ. ಆಮ್ಲ ಉಂಟುಮಾಡುವ ಜೀವಿಗಳು ಹೆಚ್ಚಿ, ಉಪಯುಕ್ತ ಜೀವಿಗಳು ಸಾಯುತ್ತವೆ. ಸಾಮಾನ್ಯವಾಗಿ 6ರಿಂದ 7ರಷ್ಟಿರುವ ಹೊಟ್ಟೆಯ ರಸದ ಪಿ.ಎಚ್. 5ಕ್ಕಿಂತ ಕೆಳಗಿಳಿಯುತ್ತದೆ. ಮೈಯೊಳಗಿನ ನೀರು ಹೊಟ್ಟೆಗೆ ಎಳೆಯಲ್ಪಟ್ಟು ದನ ಒಣಗುತ್ತದೆ. ಇದಕ್ಕೆ ಆಮ್ಲೀಯ ಅಜೀರ್ಣ ಎನ್ನುತ್ತಾರೆ.

ಲಕ್ಷಣಗಳು: ಮೇವು ಬಿಡುವುದು, ಮೆಲುಕು ನಿಲ್ಲಿಸುವುದು, ಹಾಲು ಒಮ್ಮೆಲೆ ಇಳಿಯುವುದು, ಹಲ್ಲು ಕಡಿಯುವುದು, ಹುಳಿ ವಾಸನೆಯ ಭೇದಿ, ತೂರಾಡುವುದು, ಕೊನೆಗೆ ನೆಲ ಹಿಡಿಯುವುದು. ಒಂದು ದಿನದೊಳಗೆ ಇವು ಕಾಣಿಸಿಕೊಳ್ಳಬಹುದು.

ತಕ್ಷಣ ಮಾಡಬೇಕಾದದ್ದು: ಉಳಿದ ಕಾಳು, ಹಿಟ್ಟು, ಅನ್ನ ಎಲ್ಲವನ್ನೂ ದೂರವಿಡಿ, ಒಣ ಕಣಿಕೆ ಮಾತ್ರ ಮುಂದಿಡಿ. ಲಕ್ಷಣಕ್ಕಾಗಿ ಕಾಯದೆ, ತಿಂದದ್ದು ತಿಳಿದ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿರಿ. ಎಷ್ಟು ತಿಂದಿದೆ, ಎಷ್ಟು ಹೊತ್ತಿಗೆ ತಿಂದಿದೆ ಎಂಬುದನ್ನು ತಿಳಿಸಿರಿ. ವೈದ್ಯರು ಬರುವುದು ತಡವಾಗುವುದಾದರೆ ಅವರನ್ನು ಕೇಳಿ, ನಿಂತಿರುವ ದೊಡ್ಡ ದನಕ್ಕೆ 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ನಾಲಿಗೆ ಹಿಡಿದೆಳೆದು ಗೊಟ್ಟ ಹಾಕಬಾರದು. ನೆಲ ಹಿಡಿದ ದನಕ್ಕೆ ಏನನ್ನೂ ಕುಡಿಸಬಾರದು. ಶ್ವಾಸಕೋಶಕ್ಕೆ ಇಳಿದರೆ ಅದೇ ಸಾವಿಗೆ ಕಾರಣವಾಗುತ್ತದೆ.

ಹಾಗಾದರೆ ಉಳಿದ ಅಡುಗೆ ಏನು ಮಾಡಬೇಕು? ಮೊದಲನೆಯದಾಗಿ ಅಳತೆ ಮಾಡಿ ಬೇಯಿಸಿರಿ. ಮೇಲೆ ಹೇಳಿದ ಕಾಲು ಕಿಲೋ ಶಾವಿಗೆ ಐದು ಜನರಿಗೆ ಸಾಕು. ಉಳಿದರೆ ಅಂದೇ ನೆರೆಯವರಿಗೆ ಹಂಚಿರಿ. ಕೆಟ್ಟದ್ದನ್ನು ತಿಪ್ಪೆಗೆ ಅಥವಾ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಅದು ವ್ಯರ್ಥವಾಗುವುದಿಲ್ಲ. ಕಾರಹುಣ್ಣಿಮೆಯ ದಿನ ಎತ್ತಿಗೆ ಒಂದು ಹೋಳಿಗೆ ತಿನ್ನಿಸುವ ಸಂಪ್ರದಾಯಕ್ಕೆ ಅಡ್ಡಿಯಿಲ್ಲ. ಒಂದು ಹೋಳಿಗೆ ಪ್ರೀತಿ, ಒಂದು ಬುಟ್ಟಿ ವಿಷ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ ಎಸೆಯುವುದಂತೂ ಎಂದಿಗೂ ಕೂಡದು. ಊರ ದನ ಚೀಲ ಸಮೇತ ನುಂಗುತ್ತದೆ.

ನೆನಪಿಡಬೇಕಾದದ್ದು

ಬೆಣ್ಣೆಯಲ್ಲಿ ಹುರಿದ ಕೋಸು–ಶಾವಿಗೆ ಮಕ್ಕಳ ತಟ್ಟೆಗೆ. ಹೆಚ್ಚಿದ ಕೋಸಿನ ಎಲೆ, ಮಿತಿಯಲ್ಲಿ, ಹಿಂಡಿದ ಮೇಲೆ, ಗೋದಲಿಗೆ. ಉಳಿದ ಬೆಂದ ಹಿಟ್ಟು ತಿಪ್ಪೆಗೆ. ಈ ಮೂರನ್ನು ಮನೆಯ ಹಿರಿಯರಿಗೂ, ದನ ನೋಡಿಕೊಳ್ಳುವ ಆಳಿಗೂ, ಮುಖ್ಯವಾಗಿ ಮುಂದಿನ ಮದುವೆಯ ಮನೆಯವರಿಗೂ ಓದಿ ಹೇಳಿರಿ.