ಹಾಲೂ ಇರಲಿ, ಸರಿ ಗಟ್ಟಿಯಿರಲಿ

ಪ್ರಶ್ನೆ: ನನ್ನ ಮಗುವಿಗೆ ಈಗ ಎಂಟನೇ ತಿಂಗಳು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಆಮೇಲೆ ದಿನಕ್ಕೆರಡು ಸಲ ರಾಗಿ ಸರಿ ಶುರು ಮಾಡಿದೆವು. ಗಂಟಲಿಗೆ ಸಿಕ್ಕಿಕೊಂಡೀತೆಂದು ನೀರಾಗಿ ಮಾಡಿ, ಮಲಗಿಸಿಕೊಂಡು ಒಳಲೆಯಲ್ಲಿ ಹಾಕುತ್ತೇವೆ. ತೂಕ ಅಷ್ಟಾಗಿ ಏರುತ್ತಿಲ್ಲ. ‘ನಿನ್ನ ಹಾಲಿನಲ್ಲಿ ಇನ್ನು ಸತ್ವವಿಲ್ಲ, ಬಿಡಿಸಿದರೆ ಊಟ ಮಾಡುತ್ತೆ, ಮೊಟ್ಟೆ ಬೇಳೆಯೆಲ್ಲ ವರ್ಷ ತುಂಬಿದ ಮೇಲೆ’ ಎನ್ನುತ್ತಾರೆ ನಮ್ಮತ್ತೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಹಾಲು ಬಿಡಿಸಬೇಡಿ. ಬದಲಾಗಬೇಕಾದದ್ದು ಸರಿ. ಮಗುವಿನ ತೂಕ ನಿಂತಾಗ ಮನೆಯವರೆಲ್ಲರ ಅನುಮಾನ ಮೊದಲು ಹೋಗುವುದು ತಾಯಿಯ ಹಾಲಿನ ಮೇಲೆಯೇ. ಬಟ್ಟಲಿನಲ್ಲಿರುವ ಗಂಜಿಯನ್ನು ಯಾರೂ ಅನುಮಾನಿಸುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಚೆನ್ನಾಗಿ ಎದೆಹಾಲು ಕುಡಿಯುವ ಮಗುವಿಗೆ ಅದರಲ್ಲಿ 400ರಷ್ಟು ಹಾಲಿನಿಂದಲೇ ಸಿಗುತ್ತದೆ, ಉಳಿದ 200 ಊಟದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಊಟದ ಪಾಲು 300ಕ್ಕೆ, ಎರಡನೇ ವರ್ಷದಲ್ಲಿ 550ಕ್ಕೆ ಏರುತ್ತದೆ. ಎರಡನೇ ವರ್ಷದಲ್ಲೂ ಮೂರನೇ ಒಂದು ಭಾಗದಷ್ಟು ಶಕ್ತಿ ಹಾಲಿನಿಂದ ಬರಬಲ್ಲದು. ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು ಮುಂದುವರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೆ, ಜೊತೆಗೆ ಹಾಲಿನಲ್ಲಿರುವ ರೋಗನಿರೋಧಕ ಅಂಶಗಳಿಗಾಗಿ. ಹಾಲು ನೋಡಲು ತೆಳ್ಳಗೆ, ನೀಲಿ ಛಾಯೆಯಲ್ಲಿ ಕಂಡರೂ ಅದರ ಸತ್ವ ಕಳೆದಿರುವುದಿಲ್ಲ.

ಈಗ ಗಂಜಿಯ ಕಡೆ ಬನ್ನಿ. ಏಳು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 200 ಮಿ.ಲೀ. ಅಷ್ಟು ನೀರಿಗೆ ಹತ್ತು ಗ್ರಾಂ ರಾಗಿಹಿಟ್ಟು, ಅಂದರೆ ಎರಡು ಸಣ್ಣ ಚಮಚ, ಕದಡಿ ಕುದಿಸಿದರೆ ಸಿಗುವುದು ಮೂವತ್ತು ಚಿಲ್ಲರೆ ಕ್ಯಾಲೊರಿ. ಅಷ್ಟೇ ಅಳತೆಯ ಎದೆಹಾಲಿನಲ್ಲಿ 130ಕ್ಕೂ ಹೆಚ್ಚಿದೆ. ನೀರು ಗಂಜಿ ಹೊಟ್ಟೆ ತುಂಬಿಸಿತು, ಹಸಿವನ್ನು ಅಡಗಿಸಿತು, ಹಾಲು ಕುಡಿಯುವ ಜಾಗವನ್ನೂ ಕಿತ್ತುಕೊಂಡಿತು. ಕೊಟ್ಟದ್ದು ಮಾತ್ರ ಹಾಲಿನ ಕಾಲು ಭಾಗ. ತೂಕ ಏರದಿರುವುದಕ್ಕೆ ಇಷ್ಟೇ ಸಾಕು. ಸರಿ ಚಮಚದಿಂದ ತಾನಾಗಿ ಸುರಿದು ಹೋಗದಷ್ಟು ಗಟ್ಟಿಯಿರಬೇಕು. ಮೇಲೆ ಒಂದು ಸಣ್ಣ ಚಮಚ ತುಪ್ಪ ಹಾಕಿದರೆ 45 ಕ್ಯಾಲೊರಿ ಸೇರುತ್ತದೆ, ಆ ಇಡೀ ಬಟ್ಟಲು ನೀರು ಗಂಜಿಗಿಂತ ಹೆಚ್ಚು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸುವ ನಮ್ಮ ಹಳೆಯ ಕ್ರಮದಲ್ಲಿ ದೊಡ್ಡ ತಿಳಿವಳಿಕೆಯಿದೆ: ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಂಟಾಗದೆ ಸಡಿಲವಾಗಿಯೇ ಇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿದ್ದಾರೆ.

ಹಾಗಾದರೆ ಗಂಟಲಿನ ಭಯ? ಅಪಾಯ ನೀವು ಅಂದುಕೊಂಡ ಕಡೆ ಇಲ್ಲ. ಮಲಗಿಸಿ, ಅಳುತ್ತಿರುವ ಮಗುವಿನ ಬಾಯಿಗೆ ಒಳಲೆಯಿಂದ ಸುರಿದ ತೆಳು ದ್ರವವೇ ಶ್ವಾಸನಾಳಕ್ಕೆ ಸುಲಭವಾಗಿ ಇಳಿಯುವುದು. ಮಗುವನ್ನು ನೆಟ್ಟಗೆ ಕೂರಿಸಿ, ಚಮಚ ಬಾಯಿಯ ಹತ್ತಿರ ತಂದು, ಅದು ಬಾಯಿ ತೆರೆಯುವವರೆಗೆ ಕಾಯಿರಿ. ಮೊದಮೊದಲು ಓಕರಿಸುವುದು, ಉಗಿಯುವುದು ಸಹಜ. ನಾಲಿಗೆ ಹೊಸ ಕೆಲಸ ಕಲಿಯುತ್ತಿದೆ. ಹಲ್ಲಿಗಾಗಿ ಕಾಯಬೇಕಿಲ್ಲ, ಚೆನ್ನಾಗಿ ಕಿವುಚಿದ ಮೆತ್ತನ್ನವನ್ನು ವಸಡೇ ಅರೆಯುತ್ತದೆ. ಇಡೀ ಶೇಂಗಾ ಬೀಜ, ದ್ರಾಕ್ಷಿ ಹಣ್ಣು ಮಾತ್ರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಇನ್ನು ಕಬ್ಬಿಣಾಂಶ. ನನಗೆ ತೂಕಕ್ಕಿಂತ ಹೆಚ್ಚಿನ ಚಿಂತೆ ಇದರದು, ಏಕೆಂದರೆ ಇದರ ಕೊರತೆ ತಕ್ಕಡಿಯಲ್ಲಿ ಕಾಣುವುದಿಲ್ಲ. ಮಗು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕೂಡಿಟ್ಟುಕೊಂಡು ಬರುವ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಇನ್ನೂ ಬೇಗ. ಎದೆಹಾಲಿನಲ್ಲಿರುವುದು ಲೀಟರಿಗೆ ಅರ್ಧ ಮಿಲಿಗ್ರಾಂಗೂ ಕಡಿಮೆ. ಅದು ಚೆನ್ನಾಗಿಯೇ ಮೈಗೆ ಹತ್ತುತ್ತದೆ, ಆದರೂ ಈ ವೇಗದಲ್ಲಿ ಬೆಳೆಯುವ ಮಿದುಳು ಮತ್ತು ರಕ್ತಕ್ಕೆ ಸಾಲದು. ತಾಯಿ ಎಷ್ಟೇ ಸೊಪ್ಪು, ಖರ್ಜೂರ ತಿಂದರೂ ಹಾಲಿನ ಕಬ್ಬಿಣಾಂಶ ಏರುವುದಿಲ್ಲ, ಹಾಗಾಗಿ ಇದನ್ನು ನಿಮ್ಮ ತಪ್ಪೆಂದು ಯಾರೂ ಹೇಳುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ದೇಶದಲ್ಲಿ ಶೇ 67, ಕರ್ನಾಟಕದಲ್ಲಿ ಶೇ 65.5. ಅದೇ ಸಮೀಕ್ಷೆಯಲ್ಲಿ, ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳ ಪೈಕಿ ಸಾಕಷ್ಟು ಆಹಾರ ಸಿಗುತ್ತಿದ್ದದ್ದು ದೇಶದಲ್ಲಿ ಶೇ 11ರಷ್ಟು ಮಕ್ಕಳಿಗೆ ಮಾತ್ರ. ಎದೆಹಾಲು ಬಿಡಿಸಿ ಈ ಕೊರತೆ ತುಂಬಲಾಗದು. ಬಿಡಿಸಿದ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಹಸುವಿನ ಹಾಲು. ವರ್ಷದೊಳಗೆ ಅದೇ ಮುಖ್ಯ ಪಾನೀಯವಾದರೆ ರಕ್ತಹೀನತೆ ಹೆಚ್ಚುತ್ತದೆ.

ರಾಗಿಯಲ್ಲೇ ಕಬ್ಬಿಣಾಂಶ ಇದೆಯಲ್ಲ ಎಂದು ನಿಮ್ಮ ಅತ್ತೆಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇದೆ, ಆದರೆ ಧಾನ್ಯದ ಫೈಟೇಟ್ ಮತ್ತು ಟ್ಯಾನಿನ್ ಅದನ್ನು ಬಿಗಿಹಿಡಿಯುವುದರಿಂದ ಮಗುವಿಗೆ ಸಿಗುವುದು ಸ್ವಲ್ಪ. ನೆನೆಸಿ ಮೊಳಕೆ ಕಟ್ಟಿದರೆ, ಜೊತೆಗೆ ನಿಂಬೆಹಣ್ಣಿನ ಹನಿಯೋ ಟೊಮೆಟೊವೋ ಇದ್ದರೆ ಅದು ಸುಧಾರಿಸುತ್ತದೆ. ಆದ್ದರಿಂದ ದಿನದ ಎರಡೂ ಹೊತ್ತು ಸರಿಯೇ ಆಗಬಾರದು. ಒಂದು ಹೊತ್ತು ಹೆಸರುಬೇಳೆ ಸೇರಿಸಿ ಬೇಯಿಸಿದ ಮೆತ್ತನ್ನ, ಅದಕ್ಕೆ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ತುಪ್ಪ, ಕೊನೆಗೆ ನಿಂಬೆ ಹನಿ. ನಿಮ್ಮ ಮನೆಯಲ್ಲಿ ಮಾಂಸಾಹಾರ ಉಂಟಾದರೆ ಪೂರ್ತಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಕಿವುಚಿದ ಕೋಳಿಯ ಲಿವರ್ ಈಗಲೇ ಕೊಡಬಹುದು. ಊಟದ ಪದಾರ್ಥಗಳಲ್ಲಿ ಮಾಂಸದ ಕಬ್ಬಿಣಾಂಶದಷ್ಟು ಸುಲಭವಾಗಿ ಮೈಗೆ ಹತ್ತುವುದು ಬೇರೊಂದಿಲ್ಲ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬೇಡಿ, ಅದರಲ್ಲಿ ಬೊಟುಲಿಸಂ ಎಂಬ ಮಾರಕ ಕಾಯಿಲೆಯ ಬೀಜಾಣು ಇರಬಹುದು. ಮನೆಯೂಟ ಎಷ್ಟೇ ಚೆನ್ನಾಗಿದ್ದರೂ, ಸರ್ಕಾರ ಆರು ತಿಂಗಳ ಮೇಲಿನ ಮಕ್ಕಳಿಗೆ ಉಚಿತವಾಗಿ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ಪಡೆಯಿರಿ: ವಾರಕ್ಕೆರಡು ಸಲ, ಸಲಕ್ಕೆ ಒಂದು ಮಿ.ಲೀ. ಮಲ ಕಪ್ಪಗಾದರೆ ಗಾಬರಿ ಬೇಡ. ಸಸ್ಯಾಹಾರಿ ಮನೆಗಳಲ್ಲಿ ಇದನ್ನು ತಪ್ಪಿಸಲೇಬಾರದು.

‘ಮೊಟ್ಟೆ ಬೇಗ ಕೊಟ್ಟರೆ ಅಲರ್ಜಿ’ ಎಂಬುದು ಹಿಂದೊಮ್ಮೆ ವೈದ್ಯರೂ ಹೇಳುತ್ತಿದ್ದ ಮಾತು, ಅತ್ತೆಯವರನ್ನು ದೂರುವಂತಿಲ್ಲ. ಈಗ ಆಧಾರ ತಿರುಗಿದೆ, ಇದೇ ಭಯವಿದ್ದ ಶೇಂಗಾ ಅದಕ್ಕೊಂದು ಉದಾಹರಣೆ. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳ ಪೈಕಿ ಅರ್ಧದಷ್ಟು ಮಕ್ಕಳಿಗೆ ಮೊದಲ ವರ್ಷದಿಂದಲೇ ಶೇಂಗಾ ಕೊಡಲಾಯಿತು, ಉಳಿದವರಿಗೆ ಕೊಡಲಿಲ್ಲ. ಐದನೇ ವರ್ಷಕ್ಕೆ ಶೇಂಗಾ ಅಲರ್ಜಿ ತಿಂದವರಲ್ಲಿ ಶೇ 80ರಷ್ಟು ಕಡಿಮೆಯಿತ್ತು. ಮೈಮೇಲೆ ತೀವ್ರ ಇಸುಬು ಇರುವ ಮಗುವಿಗೆ ಮಾತ್ರ ವೈದ್ಯರನ್ನು ಕೇಳಿ ಶುರು ಮಾಡಬೇಕು. ಉಳಿದ ಮಕ್ಕಳಿಗೆ ಹೊಸದೊಂದನ್ನು ಕೊಟ್ಟು ಎರಡು ಮೂರು ದಿನ ನೋಡಿ ಮುಂದಿನದಕ್ಕೆ ಹೋದರಾಯಿತು.

ಹಾಲು ಬಿಡಿಸಿದರೆ ಊಟ ಮಾಡುತ್ತದೆ ಎಂಬ ಮಾತಿನಲ್ಲಿ ಒಂದು ಎಳೆ ನಿಜ: ಆಗಷ್ಟೇ ಹೊಟ್ಟೆ ತುಂಬ ಹಾಲು ಕುಡಿದ ಮಗು ಚಮಚ ಕಂಡರೆ ಮುಖ ತಿರುಗಿಸುತ್ತದೆ. ಅದಕ್ಕೆ ಹೊತ್ತು ಹೊಂದಿಸಿಕೊಂಡರೆ ಸಾಕು. ಊಟಕ್ಕೂ ಹಾಲಿಗೂ ಒಂದು ಒಂದೂವರೆ ತಾಸು ಅಂತರವಿಡಿ. ರಾತ್ರಿಯ ಹಾಲು ಹಾಗೆಯೇ ನಡೆಯಲಿ. ಜ್ವರ, ಭೇದಿ ಬಂದ ದಿನ ಮಗು ಊಟ ಬಿಟ್ಟರೂ ಎದೆಹಾಲು ಬಿಡುವುದು ಅಪರೂಪ. ಆ ದಿನಗಳಿಗಾಗಿಯಾದರೂ ನಿಮ್ಮ ಹಾಲು ಉಳಿದಿರಬೇಕು.

ಈ ಕ್ರಮದಲ್ಲಿ ಮೂರು ನಾಲ್ಕು ವಾರ ನಡೆಸಿ, ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ. ಗೆರೆ ಮೇಲಕ್ಕೆ ತಿರುಗದಿದ್ದರೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಗು ಬಿಳಿಚಿಕೊಂಡಿದ್ದರೆ, ಆಟ ಬಿಟ್ಟು ಮಂಕಾಗಿದ್ದರೆ, ಹಾಲು ಕುಡಿಯುವಾಗಲೇ ಸುಸ್ತಾಗಿ ಬೆವರುತ್ತಿದ್ದರೆ ಅಷ್ಟು ದಿನ ಕಾಯಬೇಡಿ, ನಾಳೆಯೇ ತೋರಿಸಿ.